ಕೊಡಗಿನಲ್ಲಿ ಕೆಲಸ ಏರುವ ತಿಂಗಳು, ಇಳಿಯುವ ತಿಂಗಳು: ನಿರುದ್ಯೋಗದ ಅಂಕಿ ಓದುವ ಬಗೆ

2025ರ ಮೇ ತಿಂಗಳಿಂದ ದೇಶದ ನಿರುದ್ಯೋಗ ದರ ಪ್ರತಿ ತಿಂಗಳೂ ಪ್ರಕಟವಾಗುತ್ತಿದೆ. ತಿಂಗಳ ನಡುಭಾಗ ಬಂತೆಂದರೆ ಪತ್ರಿಕೆಯಲ್ಲಿ ಸುದ್ದಿ ಖಾಯಂ: ದರ ಇಷ್ಟು ಏರಿತು, ಇಷ್ಟು ಇಳಿಯಿತು. ಜನವರಿಯಲ್ಲಿ ಕಾಫಿ ಕುಯ್ಯಲು ಆಳು ಸಿಗದೆ ಒದ್ದಾಡುವ ಗೋಣಿಕೊಪ್ಪ ಕಡೆಯ ಬೆಳೆಗಾರರಿಗೆ ಈ ಸುದ್ದಿ ಬೇರೆ ಯಾವುದೋ ದೇಶದ್ದೆನಿಸುತ್ತದೆ. ಜುಲೈಯಲ್ಲಿ ಮಳೆಗೆ ಸಿಕ್ಕಿ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಕೂತ ಕಾರ್ಮಿಕರಿಗೆ ‘ನಿರುದ್ಯೋಗ ಇಳಿಕೆ’ ಎಂಬ ಶೀರ್ಷಿಕೆ ಇನ್ನೂ ವಿಚಿತ್ರ. ಇಬ್ಬರ ಅನುಮಾನಕ್ಕೂ ಕಾರಣವಿದೆ. ಆ ದರ ಅಳೆಯುವುದು ಒಂದನ್ನು, ಕೊಡಗಿನಲ್ಲಿ ತಿಂಗಳಿಂದ ತಿಂಗಳಿಗೆ ಬದಲಾಗುವುದು ಇನ್ನೊಂದು. ಇಲ್ಲಿ ಮಳೆಗಾಲ ಬಂದ ಕೂಡಲೇ ಜನ ಕೆಲಸ ಕಳೆದುಕೊಂಡು ‘ನಿರುದ್ಯೋಗಿ’ಗಳಾಗುವುದು ಕಡಿಮೆ. ಅವರ ಕೆಲಸದ ದಿನಗಳು ಕುಗ್ಗುತ್ತವೆ, ಇಲ್ಲವೇ ಅವರು ಲೆಕ್ಕದಿಂದಲೇ ಹೊರಗೆ ಹೋಗುತ್ತಾರೆ.

ಮೂರು ಅಂಕಿ ಒಟ್ಟಿಗೆ

ಕೇಂದ್ರ ಅಂಕಿಅಂಶ ಸಚಿವಾಲಯದ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಎಲ್ಲರೂ ಪಿಎಲ್‌ಎಫ್‌ಎಸ್ ಎಂದು ಕರೆಯುವುದು, 2017ರ ಏಪ್ರಿಲ್‌ನಲ್ಲಿ ಶುರುವಾಯಿತು. 2025ರ ಜನವರಿಯಲ್ಲಿ ಅದರ ವಿನ್ಯಾಸ ಬದಲಾಯಿಸಿ, ಮಾಸಿಕ ಅಂದಾಜು ಸೇರಿಸಿದರು. ಮಾದರಿಯಲ್ಲಿದ್ದ ಮನೆಗಳ ಸಂಖ್ಯೆ 1,02,400ರಿಂದ 2,72,304ಕ್ಕೆ ಏರಿತು. ಆಯ್ಕೆಯಾದ ಮನೆಗೆ ಸತತ ನಾಲ್ಕು ತಿಂಗಳು ಭೇಟಿ.

ಸಮೀಕ್ಷೆ 15 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರನ್ನೂ ಮೂರು ಗುಂಪಿನಲ್ಲಿ ಎಲ್ಲಾದರೂ ಒಂದು ಕಡೆ ಕೂರಿಸುತ್ತದೆ: ಕೆಲಸದಲ್ಲಿರುವವರು, ಕೆಲಸ ಇಲ್ಲದೆ ಕೆಲಸಕ್ಕೆ ತಯಾರಿರುವವರು, ಇವೆರಡೂ ಅಲ್ಲದವರು. ಮೊದಲ ಎರಡು ಗುಂಪು ಸೇರಿದರೆ ಕಾರ್ಮಿಕ ಬಲ. ಒಟ್ಟು ಜನರಲ್ಲಿ ಕಾರ್ಮಿಕ ಬಲ ನೂರಕ್ಕೆಷ್ಟು ಎಂಬುದು ಭಾಗವಹಿಸುವಿಕೆ ದರ. ಒಟ್ಟು ಜನರಲ್ಲಿ ಕೆಲಸದಲ್ಲಿರುವವರು ನೂರಕ್ಕೆಷ್ಟು ಎಂಬುದು ಉದ್ಯೋಗ ಪ್ರಮಾಣ. ನಿರುದ್ಯೋಗ ದರವನ್ನು ಮಾತ್ರ ಒಟ್ಟು ಜನರ ಮೇಲೆ ಲೆಕ್ಕ ಹಾಕುವುದಿಲ್ಲ, ಕಾರ್ಮಿಕ ಬಲದ ಮೇಲೆ ಹಾಕುತ್ತಾರೆ. ಗೊಂದಲ ಹುಟ್ಟುವುದು ಇಲ್ಲೇ.

ದೇಶದ್ದೇ ಉದಾಹರಣೆ ನೋಡಿ. 2025ರ ಏಪ್ರಿಲ್‌ನಲ್ಲಿ ಭಾಗವಹಿಸುವಿಕೆ ಶೇ 55.6, ಉದ್ಯೋಗ ಪ್ರಮಾಣ ಶೇ 52.8, ನಿರುದ್ಯೋಗ ಶೇ 5.1. ಮೇನಲ್ಲಿ ಅವೇ 54.8, 51.7, 5.6. ಜೂನ್‌ನಲ್ಲಿ 54.2, 51.2, ಮತ್ತೆ 5.6. ಮೇ–ಜೂನ್ ನಡುವೆ ನಿರುದ್ಯೋಗ ದರ ಕದಲಲಿಲ್ಲ. ಹಾಗಾಗಿ ‘ನಿರುದ್ಯೋಗ ಸ್ಥಿರ’ ಎಂದು ಶೀರ್ಷಿಕೆ ಕೊಡಬಹುದು. ಆದರೆ ಅದೇ ಒಂದು ತಿಂಗಳಲ್ಲಿ ಕೆಲಸದಲ್ಲಿರುವವರ ಪ್ರಮಾಣ ಅರ್ಧ ಶೇಕಡಾ ಅಂಶ ಇಳಿದಿದೆ. ಕೆಲಸ ಬಿಟ್ಟವರಲ್ಲಿ ಹೆಚ್ಚಿನವರು ‘ಕೆಲಸ ಬೇಕು’ ಎನ್ನಲಿಲ್ಲ, ಮೂರನೇ ಗುಂಪಿಗೆ ಸರಿದರು. ದರ ಕದಲದಿದ್ದುದಕ್ಕೆ ಅದೇ ಕಾರಣ.

ಇದನ್ನೇ ಕೊಡಗಿನ ಮಟ್ಟಕ್ಕೆ ಇಳಿಸಿ ನೋಡೋಣ; ಕೆಳಗಿನ ಅಂಕಿಗಳು ಲೆಕ್ಕ ತೋರಿಸಲಿಕ್ಕೆ ಹಾಕಿಕೊಂಡವು, ಸಮೀಕ್ಷೆಯವಲ್ಲ. ಒಂದು ಪಂಚಾಯಿತಿಯಲ್ಲಿ 15 ದಾಟಿದವರು 1,000 ಮಂದಿ. ಫೆಬ್ರುವರಿಯಲ್ಲಿ 600 ಜನ ಕೆಲಸದಲ್ಲಿ, 20 ಜನ ಕೆಲಸ ಬೇಕೆನ್ನುವವರು: ನಿರುದ್ಯೋಗ ದರ 620ಕ್ಕೆ 20, ಅಂದರೆ ಶೇ 3.2. ಜುಲೈಯಲ್ಲಿ 520 ಜನ ಕೆಲಸದಲ್ಲಿ, 40 ಜನ ಬೇಕೆನ್ನುವವರು: 560ಕ್ಕೆ 40, ಶೇ 7.1. ಆಗಸ್ಟ್‌ನಲ್ಲಿ ಮಳೆ ಇನ್ನೂ ಜೋರು. ಕೆಲಸದಲ್ಲಿರುವವರು 510ಕ್ಕೆ ಇಳಿದರು. ‘ಈ ಮಳೆಯಲ್ಲಿ ಎಲ್ಲಿ ಕೆಲಸ’ ಎಂದು ಹಲವರು ಕೇಳುವುದನ್ನೇ ಬಿಟ್ಟರು, ಬೇಕೆನ್ನುವವರು 25ಕ್ಕೆ ಬಂದರು. ದರ 535ಕ್ಕೆ 25, ಶೇ 4.7. ಕೆಲಸ ಇನ್ನಷ್ಟು ಕಡಿಮೆಯಾಗಿದೆ, ದರ ಮಾತ್ರ ಏಳರಿಂದ ಐದರೊಳಗೆ ಇಳಿದಿದೆ. ಕೊಡಗಿನಂಥ ಜಿಲ್ಲೆಯಲ್ಲಿ ನಿರುದ್ಯೋಗ ದರವನ್ನು ಒಂಟಿಯಾಗಿ ಓದಲೇಬಾರದು. ಮೊದಲು ಉದ್ಯೋಗ ಪ್ರಮಾಣ ನೋಡಿ, ಆಮೇಲೆ ಭಾಗವಹಿಸುವಿಕೆ, ಕೊನೆಗೆ ದರ.

ಒಂದು ಗಂಟೆಯ ಗೆರೆ

ಮಾಸಿಕ ಅಂಕಿಗೆ ಬಳಸುವುದು ಹಿಂದಿನ ಏಳು ದಿನಗಳ ಲೆಕ್ಕ. ಆ ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ‘ಉದ್ಯೋಗಿ’. ಒಂದು ಗಂಟೆಯೂ ಮಾಡದೆ, ಕೆಲಸ ಹುಡುಕಿದ್ದರೆ ಅಥವಾ ಸಿಕ್ಕಿದ್ದರೆ ಮಾಡಲು ತಯಾರಿದ್ದರೆ ‘ನಿರುದ್ಯೋಗಿ’. ಈ ಗೆರೆ ನಮ್ಮ ದೇಶದವರೇ ಎಳೆದದ್ದಲ್ಲ, ಅಂತರರಾಷ್ಟ್ರೀಯ ರೂಢಿ; ತಪ್ಪು ಎನ್ನುವಂತಿಲ್ಲ. ಆದರೆ ದಿನಗೂಲಿ ಮತ್ತು ಮಳೆ ಎರಡೂ ಇರುವ ಕಡೆ ಅದು ಏನನ್ನು ಮುಚ್ಚಿಡುತ್ತದೆ ಎಂಬುದು ಗೊತ್ತಿರಬೇಕು.

ಆಗಸ್ಟ್‌ನ ಒಂದೇ ವಾರ, ಒಂದೇ ತೋಟ, ನಾಲ್ವರು. ಮೊದಲನೆಯವರು ದಿನಗೂಲಿಯವರು, ಸೋಮವಾರ ಮಳೆ ಬಿಟ್ಟಾಗ ಅರ್ಧ ದಿನ ಚರಂಡಿ ಬಿಡಿಸಿದರು, ಉಳಿದ ದಿನ ಕೆಲಸವಿಲ್ಲ. ಲೆಕ್ಕದಲ್ಲಿ ಉದ್ಯೋಗಿ. ಎರಡನೆಯವರು ಮೂರು ಎಕರೆ ಕಾಫಿಯ ಸಣ್ಣ ಬೆಳೆಗಾರರು, ಇಡೀ ವಾರ ತೋಟಕ್ಕೆ ಇಳಿಯಲೇ ಇಲ್ಲ. ಅವರೂ ಉದ್ಯೋಗಿ, ಏಕೆಂದರೆ ‘ಸ್ವಂತ ಕಸುಬಿದೆ, ಈ ವಾರ ಮಾಡಲಿಲ್ಲ’ ಎಂಬುದಕ್ಕೆ ಸಮೀಕ್ಷೆಯಲ್ಲಿ ಪ್ರತ್ಯೇಕ ಸಂಕೇತವಿದೆ: ಕಾಯಿಲೆಯಿಂದಾದರೆ 61, ಬೇರೆ ಕಾರಣಕ್ಕಾದರೆ 62. ತಿಂಗಳ ಸಂಬಳದವರಿಗೆ 71, 72. ಮೂರನೆಯವರೂ ದಿನಗೂಲಿ, ವಾರಪೂರ್ತಿ ಜ್ವರ. ದಿನಗೂಲಿಯವರಿಗೆ ಅಂಥ ರಕ್ಷೆ ಇಲ್ಲ. ಅವರದು 98, ಕಾರ್ಮಿಕ ಬಲದಿಂದ ಹೊರಗೆ. ನಾಲ್ಕನೆಯವರು ಲೈನ್ ಮನೆಯ ಹೆಂಗಸು. ಕೆಲಸಕ್ಕೆ ಕರೆ ಬಂದರೆ ಹೋಗುವವರೇ. ಆದರೆ ಮಳೆಯಲ್ಲಿ ಯಾರೂ ಕರೆಯದಿದ್ದಾಗ ‘ಏನು ಮಾಡ್ತಾ ಇದ್ರಿ’ ಎಂದು ಕೇಳಿದರೆ ‘ಮನೇಲೇ ಇದ್ದೆ’ ಎನ್ನುತ್ತಾರೆ. ಸಂಕೇತ 92, ಮನೆಗೆಲಸ. ಅವರೂ ಲೆಕ್ಕದಿಂದ ಹೊರಗೆ. ಅವರು ‘ಸಿಕ್ಕಿದ್ರೆ ಹೋಗ್ತಿದ್ದೆ’ ಎಂದು ಒಂದು ಮಾತು ಸೇರಿಸಿದ್ದರೆ 82 ಆಗಿ ನಿರುದ್ಯೋಗಿಗಳ ಸಾಲಿಗೆ ಸೇರುತ್ತಿದ್ದರು. ಈ ಒಂದು ಪ್ರಶ್ನೆಯನ್ನು ಸಮೀಕ್ಷಕರು ಬಿಡಿಸಿ ಕೇಳುತ್ತಾರೋ ಇಲ್ಲವೋ ಎಂಬುದರ ಮೇಲೆ ಮಳೆಗಾಲದ ನಿರುದ್ಯೋಗ ದರ ಏಳೂ ಆಗಬಹುದು, ಮೂರೂ ಆಗಬಹುದು.

ನಾಲ್ವರಲ್ಲಿ ಕೂಲಿ ಕಂಡವರು ಒಬ್ಬರು, ಅದೂ ಅರ್ಧ ದಿನದ್ದು. ಉದ್ಯೋಗಿಗಳು ಇಬ್ಬರು. ನಿರುದ್ಯೋಗಿಗಳು ಸೊನ್ನೆ.

ವಾರ್ಷಿಕ ವರದಿಯಲ್ಲಿ ಇನ್ನೊಂದು ಅಳತೆಯೂ ಬರುತ್ತದೆ: ಹಿಂದಿನ 365 ದಿನಗಳ ಲೆಕ್ಕ. ಅದರಲ್ಲಿ ವರ್ಷದಲ್ಲಿ 30 ದಿನ ಉಪಕಸುಬು ಮಾಡಿದವರೂ ಉದ್ಯೋಗಿಗಳೇ. ಒಂದು ಕೊಯ್ಲು ಕಾಲ ದುಡಿದರೆ ಸಾಕು, ವರ್ಷಪೂರ್ತಿ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಆ ಅಳತೆಯಲ್ಲಿ ನಿರುದ್ಯೋಗ ಯಾವಾಗಲೂ ಕಡಿಮೆ ಕಾಣುತ್ತದೆ: 2023–24ರಲ್ಲಿ ದೇಶಕ್ಕೆ ಶೇ 3.2. ಇದನ್ನೂ ಮಾಸಿಕ 5.1ನ್ನೂ ಪಕ್ಕಪಕ್ಕ ಇಟ್ಟು ‘ನಿರುದ್ಯೋಗ ಏರಿದೆ’ ಎನ್ನುವುದು ಆಗಾಗ ಕಣ್ಣಿಗೆ ಬೀಳುವ ತಪ್ಪು. ಎರಡೂ ಬೇರೆ ಕೋಲಿನ ಅಳತೆ.

ತೋಟದ ಕ್ಯಾಲೆಂಡರ್

ಕೊಡಗಿನ ಕೆಲಸದ ತಿಂಗಳನ್ನು ನಿರ್ಧರಿಸುವುದು ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಒಂದು ಜಿಲ್ಲೆಯದು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ನಗರವಾಸಿಗಳು ನೂರಕ್ಕೆ 15ರೊಳಗೆ. ಕಾರ್ಖಾನೆಗಳು ಕಡಿಮೆ ಇರುವ ಇಂಥ ಕಡೆ ಬೆಳೆಯ ಏರಿಳಿತವನ್ನು ತಡೆದು ನಿಲ್ಲಿಸುವ ಬೇರೆ ಉದ್ಯೋಗ ಹೆಚ್ಚಿಲ್ಲ.

ನವೆಂಬರ್‌ನಲ್ಲಿ ಅರೇಬಿಕಾ ಜಾತಿಯ ಕಾಫಿ ಹಣ್ಣಾಗುತ್ತದೆ, ಅತ್ತ ಗದ್ದೆಯಲ್ಲಿ ಭತ್ತದ ಕೊಯ್ಲು, ಹುತ್ತರಿ ಹಬ್ಬ. ಅರೇಬಿಕಾವನ್ನು ಹಣ್ಣು ನೋಡಿ ಆರಿಸಿ ಕುಯ್ಯಬೇಕು. ಒಂದೇ ಗಿಡಕ್ಕೆ ಎರಡು ಮೂರು ಸುತ್ತು. ಹಾಗಾಗಿ ಇಳುವರಿಗೆ ಹೋಲಿಸಿದರೆ ಆಳು ಹೆಚ್ಚು ಹಿಡಿಯುತ್ತದೆ. ಡಿಸೆಂಬರ್ ಕೊನೆಯಿಂದ ಇನ್ನೊಂದು ಜಾತಿಯಾದ ರೋಬಸ್ಟಾ ಸೇರಿಕೊಳ್ಳುತ್ತದೆ, ಜನವರಿ–ಫೆಬ್ರುವರಿಯಲ್ಲಿ ಅದು ಉತ್ತುಂಗಕ್ಕೇರುತ್ತದೆ. ಕುಯ್ದದ್ದನ್ನು ಪಲ್ಪಿಂಗ್ ಮಾಡುವುದು (ಸಿಪ್ಪೆ ಬಿಡಿಸುವುದು), ಕಣದಲ್ಲಿ ಹರಡಿ ಒಣಗಿಸುವುದು, ಮೂಟೆ ಕಟ್ಟುವುದು ಎಲ್ಲಕ್ಕೂ ಜನ ಬೇಕು. ಅದು ಮುಗಿಯುವ ಹೊತ್ತಿಗೆ ಮೆಣಸು. ಮರ ಹತ್ತಿ ಕುಯ್ಯುವವರು ಬೇರೆ, ಅವರ ಕೂಲಿಯೂ ಬೇರೆ. ಈ ನಾಲ್ಕೈದು ತಿಂಗಳು ಜೀಪು, ಪಿಕಪ್‌ಗಳಲ್ಲಿ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ದಿನವೂ ಆಳುಗಳು ಬರುತ್ತಾರೆ. ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದವರು ಲೈನ್ ಮನೆಗಳಲ್ಲಿ ನಿಲ್ಲುತ್ತಾರೆ.

ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ನೋಡಿಕೊಂಡು ಗೊಬ್ಬರ, ಗಿಡದ ಕಪಾತು (ಕೊಂಬೆ ಸವರುವುದು), ಸ್ಪ್ರಿಂಕ್ಲರ್. ಏಪ್ರಿಲ್–ಮೇನಲ್ಲಿ ಮಳೆಗಾಲಕ್ಕೆ ಮುಂಚೆ ಮರ ಕಪಾತು, ಗುಂಡಿ, ಚರಂಡಿ. ಕೆಲಸ ಇದೆ, ಆದರೆ ಕೊಯ್ಲಿನಷ್ಟಿಲ್ಲ. ಮರ ಕಪಾತು ಅಪಾಯದ, ಪರಿಣತರ ಕೆಲಸ, ಎಲ್ಲರಿಗೂ ಸಿಗುವಂಥದ್ದಲ್ಲ. ಇದೇ ಹೊತ್ತಿಗೆ ಬೇಸಿಗೆ ರಜೆಯ ಪ್ರವಾಸಿಗರು ಬಂದು ಹೋಂಸ್ಟೇ, ಹೋಟೆಲ್, ಜೀಪು ಬಾಡಿಗೆಗೆ ಕೆಲಸ ಕೊಡುತ್ತಾರೆ. ಜೂನ್‌ನಿಂದ ಆಗಸ್ಟ್ ತಗ್ಗು. ಕೆಲವು ಕಡೆ ನಾಟಿ, ಮಳೆ ಬಿಟ್ಟಾಗ ಕಳೆ, ಕೊಳೆರೋಗಕ್ಕೆ ಔಷಧಿ ಸಿಂಪಡಿಸುವುದು, ಅಷ್ಟೇ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕಳೆ, ಎರಡನೇ ಸುತ್ತಿನ ಗೊಬ್ಬರ, ಮಡಿಕೇರಿ ದಸರಾ, ತಲಕಾವೇರಿಯ ತುಲಾ ಸಂಕ್ರಮಣದ ಜನ, ಮೆಲ್ಲನೆ ಏರಿಕೆ.

ಇಂಥ ಊರಿನಲ್ಲಿ ಜನವರಿಯನ್ನು ಡಿಸೆಂಬರ್ ಜೊತೆಗೋ, ಜೂನನ್ನು ಮೇ ಜೊತೆಗೋ ಹೋಲಿಸಿದರೆ ಸಿಗುವುದು ಬೆಳೆಯ ಸುದ್ದಿ, ಉದ್ಯೋಗದ್ದಲ್ಲ. ಕಳೆದ ವರ್ಷದ ಅದೇ ತಿಂಗಳಿನ ಜೊತೆ ಹೋಲಿಸಿ ಎಂಬುದು ಎಲ್ಲರೂ ಹೇಳುವ ಉಪಾಯ, ಬಹುಮಟ್ಟಿಗೆ ಸರಿ. ಕೊಡಗಿನಲ್ಲಿ ಅದೂ ಮೂರು ಕಡೆ ಕೈಕೊಡುತ್ತದೆ.

ಒಂದು, ಹೂಮಳೆ. ಅರೇಬಿಕಾ ಹೂವಾಗಿ ಎಂಟೊಂಬತ್ತು ತಿಂಗಳಿಗೆ ಹಣ್ಣು, ರೋಬಸ್ಟಾಕ್ಕೆ ಹತ್ತು ಹನ್ನೊಂದು ತಿಂಗಳು. ಹೂಮಳೆ ಮೂರು ವಾರ ತಡವಾದರೆ ಮುಂದಿನ ಕೊಯ್ಲೂ ಹೆಚ್ಚುಕಡಿಮೆ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಆಗ ಜನವರಿ ಬಡವಾಗಿ, ಮಾರ್ಚ್ ತುಂಬಿಕೊಳ್ಳುತ್ತದೆ. ಒಟ್ಟು ಕೆಲಸ ಅಷ್ಟೇ ಇರುತ್ತದೆ. ಸ್ಪ್ರಿಂಕ್ಲರ್ ಇರುವ ತೋಟಗಳಲ್ಲಿ ಹೂವು ಬೇಗ, ಮಳೆಯನ್ನೇ ನಂಬಿದವರಲ್ಲಿ ತಡ. ಒಂದೇ ಹೋಬಳಿಯೊಳಗೆ ಎರಡು ಕ್ಯಾಲೆಂಡರ್. ಇದಕ್ಕೆ ಪರಿಹಾರ ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ತಿಂಗಳನ್ನು ಒಂದೇ ಕಂತಾಗಿ ಕೂಡಿ ಹೋಲಿಸುವುದು. ಎರಡು, ಅರೇಬಿಕಾದ ವರ್ಷ ಬಿಟ್ಟು ವರ್ಷದ ಫಸಲು. ಈ ವರ್ಷ ಭರ್ತಿಯಾದ ಗಿಡ ಮುಂದಿನ ವರ್ಷ ಸೋಲುತ್ತದೆ. ಅರೇಬಿಕಾ ಹೆಚ್ಚಿರುವ ಸೋಮವಾರಪೇಟೆ ಕಡೆ ಎರಡು ವರ್ಷದ ಸರಾಸರಿ ಇಟ್ಟುಕೊಳ್ಳದೆ ಏನನ್ನೂ ಹೇಳಬಾರದು. ಮೂರು, ಕೆಟ್ಟ ವರ್ಷದ ಬುನಾದಿ. 2018ರ ಆಗಸ್ಟ್‌ನ ಭೂಕುಸಿತ, 2020ರ ಏಪ್ರಿಲ್‌ನ ಲಾಕ್‌ಡೌನ್, ಇಂಥ ತಿಂಗಳಿಗೆ ಮರುವರ್ಷದ ಅದೇ ತಿಂಗಳನ್ನು ಹೋಲಿಸಿದರೆ ಭಾರಿ ಏರಿಕೆ ಬಂದೇ ಬರುತ್ತದೆ. ಅಲ್ಲಿ ಒಂದು ವರ್ಷ ಹಿಂದೆ ಹಾರಿ, 2017 ಅಥವಾ 2019ರ ಜೊತೆ ಇಟ್ಟು ನೋಡಬೇಕು.

ಕೊಡಗಿನಲ್ಲಿ ದುಡಿಯುವವರೆಲ್ಲ ಕೊಡಗಿನ ಲೆಕ್ಕದಲ್ಲಿಲ್ಲ

ಸಮೀಕ್ಷೆ ಎಣಿಸುವುದು ಮನೆಯನ್ನು, ತೋಟವನ್ನಲ್ಲ. ಪಿರಿಯಾಪಟ್ಟಣದಿಂದ ಬೆಳಗ್ಗೆ ಬಂದು ಸಂಜೆ ಹೋಗುವವರು ಮೈಸೂರು ಜಿಲ್ಲೆಯ ಉದ್ಯೋಗಿಗಳು. ಅಸ್ಸಾಂನಿಂದ ಮೂರು ತಿಂಗಳಿಗೆಂದು ಬಂದವರು ಅಸ್ಸಾಂನ ಮನೆಯ ಸದಸ್ಯರಾಗಿಯೇ ಉಳಿಯುತ್ತಾರೆ, ಏಕೆಂದರೆ ಆರು ತಿಂಗಳಿಗಿಂತ ಕಡಿಮೆ ಕಾಲ ಹೊರಗಿರುವವರನ್ನು ಸಮೀಕ್ಷೆ ಮೂಲ ಮನೆಯಲ್ಲೇ ಎಣಿಸುತ್ತದೆ. ಸಿದ್ದಾಪುರದ ತೋಟದಲ್ಲಿ ಅವರು ಕುಯ್ದ ಕಾಫಿ ಇಲ್ಲಿದೆ, ಅವರ ಕೆಲಸದ ಲೆಕ್ಕ ಅಲ್ಲಿದೆ. ಸಂಸಾರ ಸಮೇತ ಬಂದು ಆರು ತಿಂಗಳು ದಾಟಿ ಲೈನ್ ಮನೆಯಲ್ಲಿ ನೆಲೆಯಾದವರು ಮಾತ್ರ ಇಲ್ಲಿಯವರು.

ಇದೇ ನಿಯಮ ಇನ್ನೊಂದು ದಿಕ್ಕಿಗೂ ಅನ್ವಯಿಸುತ್ತದೆ. ಬೆಂಗಳೂರು, ಮೈಸೂರಿನಲ್ಲಿ ನೆಲೆನಿಂತ ಮಕ್ಕಳು ಅಲ್ಲಿಯ ಲೆಕ್ಕಕ್ಕೆ. ಸೇನೆಯಲ್ಲಿರುವವರ ವಿಷಯ ಇನ್ನೂ ವಿಶೇಷ: ಸೈನಿಕರ ಬ್ಯಾರಕ್‌ಗಳನ್ನು ಸಮೀಕ್ಷೆ ಮುಟ್ಟುವುದೇ ಇಲ್ಲ. ಮನೆಗೊಬ್ಬರು ಸೇನೆಗೆ ಹೋದ ಊರುಗಳಿರುವ ಜಿಲ್ಲೆಯಲ್ಲಿ ಈ ಉದ್ಯೋಗದ ಗಣನೀಯ ಭಾಗ ಎಲ್ಲಿಯೂ ಕಾಣಿಸದೆ ಹೋಗುತ್ತದೆ.

ಜನಗಣತಿಯ ಕಥೆ ಮತ್ತೊಂದು. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ರೋಬಸ್ಟಾ ಕೊಯ್ಲಿನ ನಡುವೆ. ಎಣಿಕೆಯ ಅಷ್ಟೂ ದಿನ ಊರಿನಿಂದ ಹೊರಗಿದ್ದವರನ್ನು ಗಣತಿ ಸಿಕ್ಕ ಜಾಗದಲ್ಲೇ ಎಣಿಸುತ್ತದೆ. ಹಾಗಾಗಿ ಕೊಯ್ಲಿಗೆ ಬಂದವರಲ್ಲಿ ಅನೇಕರು ಗಣತಿಯಲ್ಲಿ ಕೊಡಗಿನವರು, ಸಮೀಕ್ಷೆಯಲ್ಲಿ ಅಲ್ಲ. ಎರಡನ್ನೂ ಭಾಗಿಸಿ ಗುಣಿಸಿ ‘ಕೊಡಗಿನಲ್ಲಿ ಇಷ್ಟು ಸಾವಿರ ನಿರುದ್ಯೋಗಿಗಳು’ ಎಂದು ಬರೆಯುವವರು ಇದನ್ನು ಗಮನಿಸಿರುವುದಿಲ್ಲ.

ಹಾಗಾದರೆ ಜಿಲ್ಲೆಯ ಮಾಸಿಕ ದರ ಎಲ್ಲಿ ಸಿಗುತ್ತದೆ? ಸಿಗುವುದಿಲ್ಲ. ಮಾಸಿಕ ಅಂದಾಜು ದೇಶಕ್ಕೆ ಮಾತ್ರ. 2025ರ ವಿನ್ಯಾಸದಲ್ಲಿ ಮಾದರಿ ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ, ನಿಜ. ಆದರೂ ಒಂದು ಸಣ್ಣ ಜಿಲ್ಲೆಗೆ ತಿಂಗಳಿಗೆ ಬೀಳುವ ಮನೆಗಳು ತೀರಾ ಕಡಿಮೆ. ಕಾರ್ಮಿಕ ಬಲದ 200 ಜನ ಮಾದರಿಯಲ್ಲಿ ಸಿಕ್ಕರು, ದರ ಶೇ 5 ಬಂತು ಎಂದಿಟ್ಟುಕೊಳ್ಳಿ. 0.05ನ್ನು 0.95ರಿಂದ ಗುಣಿಸಿ, 200ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.015. ಅದರ ದುಪ್ಪಟ್ಟು ಆಚೀಚೆ ಹಿಡಿದರೆ ನಿಜವಾದ ದರ ಶೇ 2ರಿಂದ 8ರ ನಡುವೆ ಎಲ್ಲಿಯಾದರೂ ಇರಬಹುದು. ಒಂದೇ ಊರಿನ ಮನೆಗಳು ಒಟ್ಟಿಗೆ ಆಯ್ಕೆಯಾಗುವುದರಿಂದ ವಾಸ್ತವದಲ್ಲಿ ಅಂತರ ಇನ್ನೂ ದೊಡ್ಡದು. ಹೀಗಿರುವಾಗ ‘ಕೊಡಗಿನ ನಿರುದ್ಯೋಗ ಈ ತಿಂಗಳು ಶೇ 0.4 ಇಳಿಕೆ’ ಎಂಬ ವಾಕ್ಯ ಎಲ್ಲಿಯಾದರೂ ಕಂಡರೆ ಅದನ್ನು ಬರೆದವರ ಬಳಿ ಮಾದರಿಯ ಗಾತ್ರ ಕೇಳಿ.

ತಿಂಗಳು ತಿಂಗಳು ಸಿಗುವ ಬೇರೆ ಅಂಕಿಗಳು

ಗ್ರಾಮ ಪಂಚಾಯಿತಿ ಮಟ್ಟದವರೆಗೆ ತಿಂಗಳವಾರು ಸಿಗುತ್ತಾ ಬಂದಿರುವುದು ನರೇಗಾದ ಮಾನವ ದಿನಗಳು. ಕೆಲಸ ಕೇಳಿದವರು, ಕೆಲಸ ಸಿಕ್ಕವರು, ಆದ ದಿನಗಳು, ಮೂರೂ ಜಾಲತಾಣದಲ್ಲಿರುತ್ತವೆ. ಉಪಯುಕ್ತ ಮೂಲ, ಆದರೆ ನಿರುದ್ಯೋಗದ ಥರ್ಮಾಮೀಟರ್ ಎಂದು ನಂಬಿದರೆ ಮೋಸ. ಡಿಸೆಂಬರ್–ಫೆಬ್ರುವರಿಯಲ್ಲಿ ಇಲ್ಲಿ ಬೇಡಿಕೆ ಇಳಿಯುವುದು ತೋಟದಲ್ಲಿ ಕೂಲಿ ಹೆಚ್ಚು ಸಿಗುವುದರಿಂದ. ರಾಜ್ಯದಲ್ಲಿ 2025–26ಕ್ಕೆ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕೊಯ್ಲಿನಲ್ಲಿ ಕೆಜಿ ಲೆಕ್ಕಕ್ಕೆ ಕೈ ಚುರುಕಿದ್ದವರು ಇದನ್ನು ಸುಲಭವಾಗಿ ದಾಟುತ್ತಾರೆ. ಮಾರ್ಚ್‌ನಲ್ಲಿ ಇಳಿದರೆ ಆ ಮನೆಯ 100 ದಿನ ಮುಗಿದಿರಬಹುದು. ಏಪ್ರಿಲ್‌ನಲ್ಲಿ ಏರಿದರೆ ಹೊಸ ಆರ್ಥಿಕ ವರ್ಷದ ಎಣಿಕೆ ಸೊನ್ನೆಯಿಂದ ಶುರುವಾಗಿದೆ ಎಂದರ್ಥ. ಜುಲೈಯಲ್ಲಿ, ಜನರಿಗೆ ಕೂಲಿ ಅತ್ಯಂತ ಅಗತ್ಯವಿರುವ ತಿಂಗಳಲ್ಲಿ, ಮಣ್ಣಿನ ಕೆಲಸ ಮಾಡಲು ಮಳೆ ಬಿಡುವುದಿಲ್ಲ. ಅಂಕಿ ಇಳಿದಿರುತ್ತದೆ, ಕಷ್ಟ ಇಳಿದಿರುವುದಿಲ್ಲ. ಇನ್ನೊಂದು ಸೋರಿಕೆ: ನಮೂನೆ 6 ತುಂಬಿ ಕೊಟ್ಟು ಸ್ವೀಕೃತಿ ಪಡೆದ ಬೇಡಿಕೆ ಮಾತ್ರ ದಾಖಲೆ. ಬಾಯಿಮಾತಿನಲ್ಲಿ ಕೇಳಿ ವಾಪಸು ಬಂದವರು ಯಾವ ಅಂಕಣದಲ್ಲೂ ಇಲ್ಲ. ಕೇಳಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ನರೇಗಾದಲ್ಲಿ ನಿರುದ್ಯೋಗ ಭತ್ಯೆ ಕೇಳಲಿಕ್ಕೂ ಆ ಸ್ವೀಕೃತಿಯೇ ಆಧಾರ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ಹೊಸ ಕಾಯ್ದೆ ತಂದಿತು: ಖಾತರಿ 125 ದಿನಕ್ಕೆ ಏರಿತು, ಜೊತೆಗೆ ಬಿತ್ತನೆ–ಕೊಯ್ಲಿನ ಭರದ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶವೂ ಬಂತು. ಕೊಡಗಿಗೆ ಇದರಲ್ಲಿ ಮುಖ್ಯ ಪ್ರಶ್ನೆ ಆ 60 ದಿನ ಯಾವುದು ಎಂಬುದು. ಭತ್ತದ ನಾಟಿಯ ಲೆಕ್ಕದಲ್ಲಿ ಜುಲೈ–ಆಗಸ್ಟ್‌ಗೆ ಬಿದ್ದರೆ, ಗದ್ದೆಗಳೇ ಕಡಿಮೆಯಾದ ಊರುಗಳಲ್ಲಿ ಕೆಲಸದ ಬರಗಾಲದಲ್ಲೇ ಬಾಗಿಲು ಹಾಕಿದಂತೆ. ಕಾಫಿಯ ಲೆಕ್ಕದಲ್ಲಿ ಜನವರಿಗೆ ಬಿದ್ದರೆ ಕೂಲಿಯವರಿಗೆ ನಷ್ಟ ಅಷ್ಟಿಲ್ಲ, ಚೌಕಾಸಿಯ ಬಲ ಸ್ವಲ್ಪ ತಗ್ಗುತ್ತದೆ. ಅದೇನೇ ಇರಲಿ, ಈ ಬದಲಾವಣೆಯ ಮುಂಚಿನ, ನಂತರದ ಮಾನವ ದಿನಗಳನ್ನು ಒಂದೇ ಗೆರೆಯಲ್ಲಿ ಎಳೆಯಬಾರದು.

ಭವಿಷ್ಯನಿಧಿ ಸಂಸ್ಥೆಯ ಮಾಸಿಕ ಅಂಕಿ ರಾಜ್ಯಮಟ್ಟದ್ದು, ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳದ್ದು. ದೊಡ್ಡ ಕಂಪನಿ ತೋಟಗಳು ಅದರಲ್ಲಿ ಬರುತ್ತವೆ. ಹತ್ತು ಎಕರೆಯವರು, ಹೋಂಸ್ಟೇಗಳು ಬರುವುದಿಲ್ಲ. ರಾಜ್ಯ ಸರ್ಕಾರದ ಯುವನಿಧಿ ಭತ್ಯೆಯ ಫಲಾನುಭವಿಗಳ ಪಟ್ಟಿಯನ್ನೂ ಕೆಲವರು ನಿರುದ್ಯೋಗದ ಅಳತೆ ಎಂದು ಬಳಸುತ್ತಾರೆ. ಅದು ಪದವಿ, ಡಿಪ್ಲೊಮಾ ಮುಗಿಸಿ 180 ದಿನ ಕೆಲಸ ಸಿಗದವರಿಗೆ, ಅದೂ ಗರಿಷ್ಠ ಎರಡು ವರ್ಷ. ಓದಿದ ಹುಡುಗ ಹುಡುಗಿಯರ ಸ್ಥಿತಿಯ ಒಂದು ಕಿಟಕಿ, ಅಷ್ಟೇ. ಆದರೂ ಆ ಕಿಟಕಿ ಮುಖ್ಯ: ದೇಶದಲ್ಲಿ 15ರಿಂದ 29 ವರ್ಷದವರ ನಿರುದ್ಯೋಗ 2025ರ ಏಪ್ರಿಲ್‌ನಲ್ಲಿ ಶೇ 13.8, ಮೇನಲ್ಲಿ ಶೇ 15.0. ತೋಟದಲ್ಲಿ ಆಳಿಲ್ಲ, ಮನೆಯಲ್ಲಿ ಪದವೀಧರರಿಗೆ ಕೆಲಸವಿಲ್ಲ, ಇವೆರಡೂ ಒಂದೇ ಊರಿನಲ್ಲಿ ಒಂದೇ ತಿಂಗಳು ನಿಜವಾಗಿರಬಹುದು. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದ ನೋಂದಣಿ ಪಟ್ಟಿಯಲ್ಲಿ ಕೆಲಸ ಸಿಕ್ಕ ಮೇಲೂ ಹೆಸರು ತೆಗೆಸದವರು ಇರುತ್ತಾರೆ, ಹೆಸರು ಬರೆಸದ ನಿರುದ್ಯೋಗಿಗಳು ಅವರಿಗಿಂತ ಹೆಚ್ಚು. ಪ್ರವೃತ್ತಿ ಅಳೆಯಲು ಅದು ಬಾರದು.

ಚೆಕ್‌ರೋಲ್‌ನಿಂದ ಸ್ವಂತ ಸೂಚಿ

ಬೆಳೆಗಾರರ ಸಂಘ, ಸಹಕಾರ ಸಂಘ, ಕಾರ್ಮಿಕ ಸಂಘಟನೆ, ಕಾಲೇಜಿನ ಅರ್ಥಶಾಸ್ತ್ರ ವಿಭಾಗ, ಯಾರು ಬೇಕಾದರೂ ಮಾಡಬಹುದಾದ ಒಂದು ಕೆಲಸವಿದೆ. ತೋಟದ ರೈಟರ್ (ಗುಮಾಸ್ತ) ದಿನವೂ ಬರೆಯುವ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಕೊಡಗಿನ ಅತ್ಯುತ್ತಮ ಉದ್ಯೋಗ ದಾಖಲೆ. ಹದಿನೈದಿಪ್ಪತ್ತು ತೋಟಗಳನ್ನು ಆರಿಸಿ: ದೊಡ್ಡದು, ನಡುವಿನದು, ಐದು ಎಕರೆಯೊಳಗಿನದು ಮೂರೂ ಇರಲಿ, ಅರೇಬಿಕಾ, ರೋಬಸ್ಟಾ ಎರಡೂ ಇರಲಿ. ಒಮ್ಮೆ ಆರಿಸಿದ ಮೇಲೆ ಬದಲಾಯಿಸಬಾರದು. ದೊಡ್ಡ ತೋಟವೊಂದು ನಡುವೆ ಸೇರಿಕೊಂಡರೆ ಕೆಲಸ ‘ಏರಿದಂತೆ’ ಕಾಣುತ್ತದೆ.

ಪ್ರತಿ ತಿಂಗಳು ಪ್ರತಿ ತೋಟದಿಂದ ಐದು ಅಂಕಿ ಸಾಕು: ಹೆಸರುಗಳ ಸಂಖ್ಯೆ, ಒಟ್ಟು ಆಳು ದಿನ, ಅದರಲ್ಲಿ ಹೆಂಗಸರದೆಷ್ಟು, ಹೊರಗಿನಿಂದ ಬಂದವರದೆಷ್ಟು, ಮಳೆಯಿಂದ ಕೆಲಸ ನಿಂತ ದಿನಗಳೆಷ್ಟು. ಹೆಸರು ಮತ್ತು ದಿನ ಎರಡೂ ಏಕೆ ಬೇಕೆಂದರೆ, ಜನವರಿಯಲ್ಲಿ 20 ಹೆಸರಿಗೆ 480 ದಿನ, ಜುಲೈಯಲ್ಲಿ ಅದೇ 20 ಹೆಸರಿಗೆ 260 ದಿನ ಎಂದಿದ್ದರೆ ಹೆಸರಿನ ಲೆಕ್ಕದಲ್ಲಿ ಏನೂ ಆಗಿಲ್ಲ; ದಿನದ ಲೆಕ್ಕದಲ್ಲಿ ಕೆಲಸ ಶೇ 46 ಕುಸಿದಿದೆ. ತಲಾ 24 ದಿನ ದುಡಿಯುತ್ತಿದ್ದವರು 13 ದಿನಕ್ಕೆ ಬಂದಿದ್ದಾರೆ.

ಕೊಯ್ಲಿನಲ್ಲಿ ಒಂದು ತೊಡಕು ಎದುರಾಗುತ್ತದೆ. ಕೆಜಿ ಲೆಕ್ಕಕ್ಕೆ ಕುಯ್ಯಿಸುವಾಗ ಹಲವು ಕಡೆ ಮೇಸ್ತ್ರಿಯ ಹೆಸರಲ್ಲಿ ಒಟ್ಟು ತೂಕ ಮಾತ್ರ ಬರೆಯುತ್ತಾರೆ, ಆಳುಗಳ ಹೆಸರಿಲ್ಲ. ಚೆಕ್‌ರೋಲ್ ನೋಡಿದರೆ ಜನವರಿಯಲ್ಲೇ ಕೆಲಸ ಕಡಿಮೆ ಎಂಬ ತಲೆಕೆಳಗಾದ ಚಿತ್ರ ಸಿಗುತ್ತದೆ. ಅಂಥ ತೋಟದಲ್ಲಿ ಒಟ್ಟು ಕೆಜಿಯನ್ನು ಆ ವಾರ ಒಬ್ಬರು ದಿನಕ್ಕೆ ಸರಾಸರಿ ಕುಯ್ದ ಕೆಜಿಯಿಂದ ಭಾಗಿಸಿ ಆಳು ದಿನ ಮಾಡಿಕೊಳ್ಳಬೇಕು. ಆ ಸರಾಸರಿಯನ್ನು ವಾರವಾರ ಕೇಳಿ: ಮೊದಲ ಸುತ್ತಿನಲ್ಲಿ ಹಣ್ಣು ವಿರಳ, ನಡುವೆ ಗೊಂಚಲು ತುಂಬ, ಕೊನೆಯಲ್ಲಿ ಉದುರಿದ್ದನ್ನು ಹೆಕ್ಕುವುದು. ಒಂದೇ ಸಂಖ್ಯೆಯನ್ನು ಇಡೀ ಕಾಲಕ್ಕೆ ಹಾಕಿದರೆ ಡಿಸೆಂಬರ್ ಮತ್ತು ಮಾರ್ಚ್‌ನಲ್ಲಿ ಆದ ಕೆಲಸ ಕಡಿಮೆ ಕಾಣುತ್ತದೆ.

ಮೂರು ವರ್ಷದ ಅಂಕಿ ಕೂಡಿದ ಮೇಲೆ ಋತುವಿನ ಪಾಲು ತೆಗೆಯಬಹುದು. ಪ್ರತಿ ತಿಂಗಳ ಮೂರು ವರ್ಷದ ಸರಾಸರಿಯನ್ನು ಒಟ್ಟಾರೆ ಮಾಸಿಕ ಸರಾಸರಿಯಿಂದ ಭಾಗಿಸಿ. ಒಟ್ಟಾರೆ ಸರಾಸರಿ 400 ಆಳು ದಿನ, ಜನವರಿಯದು 560, ಜುಲೈಯದು 260 ಆಗಿದ್ದರೆ ಜನವರಿಯ ಗುಣಕ 1.40, ಜುಲೈಯದು 0.65. ಈಗ ಹೊಸ ವರ್ಷ ಜನವರಿಯಲ್ಲಿ 520, ಜುಲೈಯಲ್ಲಿ 290 ಬಂತು ಎನ್ನಿ. ಆಯಾ ಗುಣಕದಿಂದ ಭಾಗಿಸಿದರೆ ಜನವರಿ 371, ಜುಲೈ 446. ಬರಿಗಣ್ಣಿಗೆ ತುಂಬಿದಂತೆ ಕಂಡ ಜನವರಿ ನಿಜದಲ್ಲಿ ಸೊರಗಿದ ತಿಂಗಳು, ಖಾಲಿ ಕಂಡ ಜುಲೈ ಒಳ್ಳೆಯದು. ಭೂಕುಸಿತ, ಲಾಕ್‌ಡೌನ್‌ನಂಥ ತಿಂಗಳುಗಳನ್ನು ಗುಣಕದ ಲೆಕ್ಕಕ್ಕೆ ಸೇರಿಸಬೇಡಿ. ಒಂದು ಕೆಟ್ಟ ಆಗಸ್ಟ್ ಮುಂದಿನ ಎಲ್ಲ ಆಗಸ್ಟ್‌ಗಳನ್ನೂ ಚೆನ್ನಾಗಿ ಕಾಣಿಸುತ್ತದೆ.

ಸೊರಗಿದ ಜನವರಿಗೆ ಎರಡು ವಿರುದ್ಧ ಕಾರಣಗಳಿರಬಹುದು: ಫಸಲೇ ಇಲ್ಲ, ಅಥವಾ ಫಸಲಿದೆ ಕುಯ್ಯುವವರಿಲ್ಲ. ಬಿಡಿಸಿ ಹೇಳುವುದು ಕೂಲಿ ದರ. ಆಳು ದಿನವೂ ಕೂಲಿಯೂ ಒಟ್ಟಿಗೆ ಇಳಿದರೆ ಅಥವಾ ನಿಂತರೆ ಕೆಲಸವೇ ಇಲ್ಲ. ದಿನ ಇಳಿದು, ಕೆಜಿಗೆ ಕೊಡುವ ದರ ಏರಿ, ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರುತ್ತಿದ್ದರೆ ಆಳಿನ ಕೊರತೆ. ಹೊರಗಿನಿಂದ ಬರುವವರು ತಮ್ಮ ಊರಿನ ಹಬ್ಬಕ್ಕೋ ಚುನಾವಣೆಗೋ ಹಿಂತಿರುಗಿದಾಗ ಇದು ವಾರದೊಳಗೆ ಕಾಣಿಸುತ್ತದೆ. ಕೂಲಿ ನೋಡುವಾಗ ಏಪ್ರಿಲ್ 1ರ ಏರಿಕೆಯನ್ನು ಬೇರೆ ಇಡಬೇಕು, ಏಕೆಂದರೆ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುವುದು ಆ ದಿನ. ಲೈನ್ ಮನೆ, ಕರೆಂಟು, ಜೀಪಿನ ಬಾಡಿಗೆ ಯಾರ ಲೆಕ್ಕಕ್ಕೆ ಎಂಬುದನ್ನೂ ಬರೆದುಕೊಳ್ಳಿ. ಒಬ್ಬರು 50 ರೂಪಾಯಿ ಹೆಚ್ಚು ಕೊಟ್ಟು ಜೀಪಿನ ದುಡ್ಡು ಮುರಿದುಕೊಂಡರೆ, ಇನ್ನೊಬ್ಬರು ಮುರಿಯದೆ ಹಳೇ ದರವನ್ನೇ ಕೊಟ್ಟರೆ, ಆಳು ಹೋಗುವುದು ಎರಡನೆಯವರ ತೋಟಕ್ಕೆ. ಅಂಕಿಯಲ್ಲಿ ಮಾತ್ರ ಮೊದಲನೆಯವರದೇ ಹೆಚ್ಚು ಕೂಲಿ.